ಗುಂಪಿನಲ್ಲಿ ಗೋವಿಂದ ಅನ್ನುವುದಕ್ಕೂ ಅಭ್ಯಾಸ ಬೇಕು

ಪ್ರಶ್ನೆ: ನನಗೆ 38 ವರ್ಷ. ಧಾರವಾಡದಿಂದ ಬೆಂಗಳೂರಿಗೆ ಬಂದು ಮೂರು ವರ್ಷ ಆಯಿತು. ಯಜಮಾನರಿಗೆ ಇಲ್ಲಿ ಕೆಲಸ, ನಾನು ನನ್ನ ಕೆಲಸ ಬಿಟ್ಟು ಬಂದೆ. ಮಗಳು ಮೂರನೇ ಕ್ಲಾಸು, ಮಗ ಎಲ್‌ಕೆಜಿ. ಶಾಲೆಯ ಗೇಟಿನ ಹತ್ತಿರ ದಿನಾ ಹತ್ತಾರು ಅಮ್ಮಂದಿರು ಸಿಗುತ್ತಾರೆ. ಆದರೆ ಮಾತು ‘ಹೋಂವರ್ಕ್ ಏನು ಕೊಟ್ಟಿದ್ದಾರೆ’ ಅನ್ನುವುದನ್ನು ದಾಟುವುದಿಲ್ಲ. ಈಗ ಪೋಷಕರೇ ಸೇರಿ ಒಂದು ಹಾಡಿನ ತಂಡ ಕಟ್ಟಿದ್ದಾರೆ. ಪ್ರತಿ ಶನಿವಾರ ಒಂದೂವರೆ ಗಂಟೆ ಅಭ್ಯಾಸ, ರಾಜ್ಯೋತ್ಸವಕ್ಕೆ ವೇದಿಕೆ ಮೇಲೆ ಹಾಡು. ಸೇರಲು ಬಹಳ ಆಸೆ. ಆದರೆ ಆರನೇ ಕ್ಲಾಸಿನಲ್ಲಿ ಟೀಚರ್ ಒಬ್ಬರು ‘ನೀ ಬಾಯಿ ಆಡಿಸು ಸಾಕು, ದನಿ ತೆಗೀಬ್ಯಾಡ’ ಅಂದಿದ್ದರು. ಅವತ್ತಿನಿಂದ ಮಕ್ಕಳಿಗೆ ಜೋಗುಳ ಹಾಡಿದ್ದು ಬಿಟ್ಟರೆ ಹಾಡಿಯೇ ಇಲ್ಲ. ಹೋದ ವಾರ ಅಡುಗೆ ಮಾಡುತ್ತಾ ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕಿ ಜೊತೆಗೆ ಹಾಡಿ ನೋಡಿದೆ. ಇಪ್ಪತ್ತು ನಿಮಿಷಕ್ಕೆ ಗಂಟಲು ನೋವು. ನನ್ನಿಂದ ಎಲ್ಲರ ಹಾಡು ಕೆಡುತ್ತದಾ? ನನ್ನ ಧಾರವಾಡದ ಮಾತು ಕೇಳಿ ನಗುತ್ತಾರಾ? ಮಗಳು ಬೇರೆ ‘ಅಮ್ಮಾ, ನೀ ಸ್ಟೇಜ್ ಮ್ಯಾಲೆ ಹಾಡಬ್ಯಾಡ’ ಅನ್ನುತ್ತಾಳೆ. ಕೆಲವು ದಿನ ಸುಮ್ನೆ ಅಳು ಬರುತ್ತದೆ. ಹಾಡಿನ ತಂಡ ಸೇರಿದರೆ ನಿಜವಾಗಿ ಸ್ನೇಹಿತರು ಸಿಗುತ್ತಾರಾ?
– ಹೆಸರು ಬೇಡ ಎಂದಿರುವ ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಇದೆ. ಒಂದು ಕಂಠದ್ದು, ಇನ್ನೊಂದು ಜನರದ್ದು. ನೀವು ಕಂಠದ ಬಗ್ಗೆಯೇ ಜಾಸ್ತಿ ಬರೆದಿದ್ದೀರಿ. ನನ್ನ ಅನುಭವದಲ್ಲಿ ಅದು ಸುಲಭದ ಭಾಗ. ಜನರದ್ದಕ್ಕೆ ಮಾತ್ರ ಸ್ವಲ್ಪ ಉಪಾಯ ಬೇಕು.

ನಾನು ಸುಗಮ ಸಂಗೀತ ಕಲಿಸಲು ಶುರು ಮಾಡಿ 22 ವರ್ಷ ಆಯಿತು. ಅದರಲ್ಲಿ ಹನ್ನೊಂದು ವರ್ಷ ಒಂದು ಶಾಲೆಯ ಪೋಷಕರ ತಂಡಕ್ಕೂ ಹಾಡಿಸಿದ್ದೇನೆ. ಹೊಸದಾಗಿ ಬರುವವರಲ್ಲಿ ಬಹಳ ಜನ ನೀವು ಹೇಳಿದ ಕಥೆಯನ್ನೇ ಹೇಳುತ್ತಾರೆ. ಒಬ್ಬರಿಗೆ ಟೀಚರ್ ಬಾಯಿ ಮುಚ್ಚಿಸಿರುತ್ತಾರೆ, ಇನ್ನೊಬ್ಬರಿಗೆ ಅಕ್ಕ, ಮತ್ತೊಬ್ಬರಿಗೆ ಮದುವೆಯಾದ ಹೊಸತರಲ್ಲಿ ಗಂಡ. ಹೇಳಿದವರಿಗೆ ಆ ಮಾತು ಸಂಜೆಯ ಹೊತ್ತಿಗೆ ಮರೆತಿರುತ್ತದೆ. ಕೇಳಿಸಿಕೊಂಡವರು ಮೂವತ್ತು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತಾರೆ. ಪಾಪ, ಆ ಟೀಚರಿಗೂ ನಾಳೆ ಸ್ಪರ್ಧೆ ಇತ್ತೋ ಏನೋ. ಒಂದು ಮಗುವಿಗೆ ಶ್ರುತಿ ಹಿಡಿಸಲು ಬೇಕಾದ ಹದಿನೈದು ನಿಮಿಷ ಅವರ ಹತ್ತಿರ ಇರಲಿಲ್ಲ, ಅಷ್ಟೇ.

ಮೊದಲು ‘ನನಗೆ ಹಾಡೋಕೆ ಬರಲ್ಲ’ ಅನ್ನುವುದನ್ನು ನೋಡೋಣ. ಸ್ವರದ ಏರಿಳಿತವನ್ನೇ ಗುರುತಿಸಲಾಗದ ಕಿವಿ ಇರುವ ಜನ ಇದ್ದಾರೆ, ಅದು ಸುಳ್ಳಲ್ಲ. ಹುಟ್ಟಿನಿಂದ ಬರುವ ತೊಂದರೆ ಅದು. ಹಿಂದೆ ಅಂಥವರು ನೂರಕ್ಕೆ ನಾಲ್ಕು ಜನ ಎಂದು ಅಂದಾಜು ಮಾಡಿದ್ದರು. ಆಮೇಲಿನ ಲೆಕ್ಕದಲ್ಲಿ ಅದು ನೂರಕ್ಕೆ ಒಂದೂವರೆಗೆ ಇಳಿಯಿತು. ಅವರಿಗೆ ಗೊತ್ತಿರುವ ಹಾಡನ್ನು ಪದ ಇಲ್ಲದೆ ಬರೀ ಕೊಳಲಿನಲ್ಲಿ ನುಡಿಸಿದರೆ ಯಾವ ಹಾಡು ಅಂತ ಹೇಳುವುದೇ ಕಷ್ಟ. ನಿಮಗೆ ಹಾಗೆ ಆಗುತ್ತದಾ? ಬೇರೆಯವರು ಬೇಸೂರ ಹಾಡಿದರೆ ನಿಮ್ಮ ಮುಖ ಕಿವುಚುತ್ತದೆ ಅಲ್ವಾ? ಹಾಗಿದ್ದರೆ ನಿಮ್ಮ ಕಿವಿ ಸರಿ ಇದೆ. ಜೋಗುಳಕ್ಕೆ ಎರಡು ಮಕ್ಕಳು ಮಲಗಿದ್ದಾರೆ, ಅದೂ ಒಂದು ಸಾಕ್ಷಿಯೇ.

ಕಿವಿ ಸರಿ ಇದ್ದೂ ಶ್ರುತಿ ತಪ್ಪುವುದಕ್ಕೆ ಕಾರಣ ಬೇರೆ. ಕೇಳಿದ ಸ್ವರವನ್ನು ಗಂಟಲು ತಕ್ಷಣ ಹಿಡಿಯುವುದಿಲ್ಲ. ಇದು ಸೈಕಲ್ ಬ್ಯಾಲೆನ್ಸ್ ಇದ್ದ ಹಾಗೆ, ರೂಢಿಯ ಕೆಲಸ. ಇಪ್ಪತ್ತಾರು ವರ್ಷ ಬಳಸದೆ ಇಟ್ಟ ಗಂಟಲು ಮೊದಲ ದಿನವೇ ನೆಟ್ಟಗೆ ಹೋಗುವುದಿಲ್ಲ. ಇನ್ನೊಂದು ಕಾರಣ, ನಮ್ಮ ದನಿ ನಮಗೆ ಸರಿಯಾಗಿ ಕೇಳದೆ ಇರುವುದು. ಒಂದು ಕಿವಿಯ ಹಿಂದೆ ಅಂಗೈ ಬಟ್ಟಲಿನ ಹಾಗೆ ಮಡಚಿ ಇಟ್ಟುಕೊಂಡು ಹಾಡಿ ನೋಡಿ. ಎಷ್ಟೋ ಜನರ ಅಪಶ್ರುತಿ ಅಷ್ಟಕ್ಕೇ ಅರ್ಧ ಕಡಿಮೆ ಆಗಿದ್ದನ್ನು ನಾನು ನೋಡಿದ್ದೇನೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ‘ಅಯ್ಯೋ ಇದು ನನ್ನ ದನಿಯಾ’ ಅನ್ನಿಸಿದರೆ ಗಾಬರಿ ಬೇಡ. ನಮ್ಮ ದನಿ ನಮಗೆ ತಲೆಯ ಮೂಳೆಯ ಮೂಲಕವೂ ಕೇಳಿಸುತ್ತದೆ, ಅದಕ್ಕೇ ಅದು ದಪ್ಪ ಅನ್ನಿಸುತ್ತದೆ. ರೆಕಾರ್ಡಿಂಗಿನಲ್ಲಿ ಆ ದಪ್ಪ ಇರುವುದಿಲ್ಲ. ಬಹಳ ಚೆನ್ನಾಗಿ ಹಾಡುವವರಿಗೂ ಮೊದಲ ಸಲ ಇದೇ ಮುಜುಗರ.

ಇನ್ನು ಗಂಟಲು ನೋವು. ಇದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೀವು ಹಾಡಿದ್ದು ಅಡುಗೆಮನೆಯಲ್ಲಿ, ಸಿನಿಮಾ ಹಾಡಿನ ಜೊತೆಗೆ. ಕುಕ್ಕರು, ಮಿಕ್ಸಿ, ಚಿಮಣಿ ಸದ್ದಿನ ನಡುವೆ ಯಾರೇ ಆದರೂ ತಮಗೆ ಗೊತ್ತಿಲ್ಲದೆ ದನಿ ಏರಿಸುತ್ತಾರೆ. ಅದಕ್ಕಿಂತ ಮುಖ್ಯ, ಹಿನ್ನೆಲೆ ಗಾಯಕಿಯರ ಹಾಡು ಅವರ ಕಂಠಕ್ಕೆ ಹೊಂದುವ ಎತ್ತರದ ಶ್ರುತಿಯಲ್ಲಿ ಇರುತ್ತದೆ. ಆ ಶ್ರುತಿ ನಿಮ್ಮದಲ್ಲ. ಬೇರೆಯವರ ಅಳತೆಯ ಚಪ್ಪಲಿ ಹಾಕಿಕೊಂಡು ಒಂದು ಮೈಲಿ ನಡೆದು, ನನಗೆ ನಡೆಯೋಕೇ ಬರಲ್ಲ ಅಂದ ಹಾಗಾಯಿತು.

ನಿಮ್ಮ ಶ್ರುತಿ ಹುಡುಕಿಕೊಳ್ಳುವುದು ಹೀಗೆ. ಯಾರೋ ಫೋನಿನಲ್ಲಿ ಮಾತಾಡುತ್ತಿದ್ದಾರೆ, ನೀವು ‘ಹ್ಞೂಂ… ಹ್ಞೂಂ’ ಅನ್ನುತ್ತಿದ್ದೀರಿ ಅಂದುಕೊಳ್ಳಿ. ಆ ಹ್ಞೂಂಕಾರ ನಿಂತಿರುವ ಜಾಗ ನಿಮ್ಮ ಗಂಟಲಿಗೆ ಆರಾಮ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿ, ಆ ಜಾಗದ ಹತ್ತಿರದ ಶ್ರುತಿ ಇಟ್ಟುಕೊಂಡು ಷಡ್ಜ, ಅಂದರೆ ‘ಸ’ ಹಿಡಿಯಿರಿ. ಅಲ್ಲಿಂದ ಮೇಲಿನ ಷಡ್ಜ ಕತ್ತಿನ ನರ ಉಬ್ಬದೆ ಸಿಗಬೇಕು, ಕೆಳಗಿನ ಪಂಚಮ, ಅಂದರೆ ‘ಪ’, ಗೊರಗೊರ ಅನ್ನದೆ ಸಿಗಬೇಕು. ಸಿಗದಿದ್ದರೆ ಒಂದು ಅರ್ಧ ಮನೆ ಇಳಿಸಿ ಅಥವಾ ಏರಿಸಿ. ಮನೆ ಅಂದರೆ ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಶ್ರುತಿಯ ಎತ್ತರ. ಹೆಂಗಸರಿಗೆ ಸಾಮಾನ್ಯವಾಗಿ ಇದು ಐದು ಮನೆಯ ಆಸುಪಾಸು ಬರುತ್ತದೆ. ಹಾರ್ಮೋನಿಯಂ ಬಲ್ಲವರು ಕಪ್ಪು ನಾಲ್ಕು, ಬಿಳಿ ಐದು ಅಂತೆಲ್ಲ ಹೇಳುವುದು ಇದನ್ನೇ. ನಿಮಗೆ ನಾಲ್ಕೂವರೆ ಬಂದರೆ ಅದರಲ್ಲಿ ಕಡಿಮೆಯೇನೂ ಇಲ್ಲ.

ಶುರುವಿಗೆ ದಿನಕ್ಕೆ ಹತ್ತು ನಿಮಿಷ ಸಾಕು. ಮಕ್ಕಳು ಕಾರು ಓಡಿಸುವಾಗ ತುಟಿಯಲ್ಲಿ ಬುರ್ರ್ ಅನ್ನುತ್ತಾರಲ್ಲ, ಅದನ್ನೇ ಮೇಲಕ್ಕೂ ಕೆಳಕ್ಕೂ ಜಾರಿಸುತ್ತಾ ಎರಡು ನಿಮಿಷ ಮಾಡಿ. ಆಮೇಲೆ ಸರಳೆ ವರಸೆ ಮೊದಲನೆಯದು, ಅಂದರೆ ಸ ರಿ ಗ ಮ ಎಂದು ಏರಿ ಇಳಿಯುವ ಮೊದಲ ಪಾಠ, ನಿಧಾನಕ್ಕೆ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅನ್ನುತ್ತಾರೆ. ತಪ್ಪು ಶ್ರುತಿಯಲ್ಲಿ ಕಿರುಚಿ ಅಭ್ಯಾಸ ಮಾಡುವವರಿಗೆ ಗಾದೆಯ ಎರಡನೇ ಅರ್ಧವೇ ನಿಜವಾಗುತ್ತದೆ.

ಜೇನು, ಕಲ್ಲುಸಕ್ಕರೆ, ಕಾಳುಮೆಣಸು, ಜ್ಯೇಷ್ಠಮಧು ತಿಂದರೆ ಕಂಠ ಬರುತ್ತದೆ ಅಂತ ನಿಮ್ಮ ಅತ್ತೆಯೋ ಅಮ್ಮನೋ ಹೇಳಬಹುದು. ತಿನ್ನಿ, ಹಿತವಾಗಿರುತ್ತದೆ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುವಿನ ಮೇಲೆ ಬೀಳುವುದಿಲ್ಲ. ಬಿದ್ದರೆ ನೆತ್ತಿಗೆ ಹತ್ತಿ ಕೆಮ್ಮಿ ಸಾಕಾಗುತ್ತದೆ. ಗಂಟಲಿಗೆ ನಿಜವಾಗಿ ಬೇಕಾಗಿದ್ದು ದಿನವಿಡೀ ಕುಡಿಯುವ ನೀರು. ದನಿ ಕಟ್ಟಿದಾಗ ಪಿಸುಮಾತಿನಲ್ಲಿ ಮಾತಾಡಿದರೆ ವಿಶ್ರಾಂತಿ ಅನ್ನುವುದೂ ತಪ್ಪು ತಿಳಿವಳಿಕೆ. ಪಿಸುಗುಟ್ಟುವಾಗಲೂ ಗಂಟಲು ಬಿಗಿಯುತ್ತದೆ. ಆಗ ಸುಮ್ಮನಿರುವುದೇ ಮದ್ದು. ದನಿ ಒರಟಾಗಿ ಮೂರು ವಾರ ದಾಟಿದರೆ ಮಾತ್ರ ಇಎನ್‌ಟಿ ವೈದ್ಯರಿಗೆ ತೋರಿಸಿ. ಎದೆಯುರಿ, ಥೈರಾಯ್ಡ್ ತೊಂದರೆ ಇದ್ದರೂ ದನಿ ಕೆಡುತ್ತದೆ. ಅದಕ್ಕೆ ಸರಳೆ ವರಸೆ ಔಷಧಿಯಲ್ಲ.

‘ನನ್ನಿಂದ ಎಲ್ಲರ ಹಾಡು ಕೆಡುತ್ತದಾ’ ಎಂದು ಕೇಳಿದ್ದೀರಿ. ತಂಡದಲ್ಲಿ ಮೂರೇ ಜನ ಇದ್ದರೆ ಕೆಡಬಹುದು. ಒಬ್ಬರು ತಪ್ಪಿದರೂ ಎದ್ದು ಕಾಣುತ್ತದೆ. ಎಂಟು ಹತ್ತು ಜನ ದಾಟಿದ ಮೇಲೆ ಸಣ್ಣಪುಟ್ಟ ಏರುಪೇರು ಒಂದರೊಳಗೊಂದು ಕರಗುತ್ತದೆ. ಗುಂಪಿನಲ್ಲಿ ಗೋವಿಂದ ಅನ್ನುವುದನ್ನು ನಾವು ಸೋಮಾರಿಗಳನ್ನು ಬೈಯಲು ಬಳಸುತ್ತೇವೆ. ನಮ್ಮ ತಂಡದಲ್ಲಿ ನಾನು ಅದನ್ನೇ ಪಾಠ ಮಾಡಿಕೊಂಡಿದ್ದೇನೆ. ಗುಂಪಿನಲ್ಲಿ ಗೋವಿಂದ ಅನ್ನಿ, ಆದರೆ ಬಾಯಿಬಿಟ್ಟು ಅನ್ನಿ. ಅಳತೆ ಇಷ್ಟೇ: ಅಕ್ಕಪಕ್ಕದ ಇಬ್ಬರ ದನಿ ನಿಮಗೆ ಕೇಳಿಸುತ್ತಿರಬೇಕು. ಕೇಳದಿದ್ದರೆ ನೀವು ಜೋರು. ನಿಮ್ಮ ದನಿಯೇ ನಿಮಗೆ ಕೇಳದಿದ್ದರೆ ಮತ್ತೆ ಆರನೇ ಕ್ಲಾಸಿನ ಹಾಗೆ ಬರೀ ಬಾಯಿ ಆಡಿಸುತ್ತಿದ್ದೀರಿ ಅಂತ ಲೆಕ್ಕ. ಉಸಿರು ಸಾಲದಿದ್ದರೆ ಸಾಲಿನ ಮಧ್ಯೆ ಕದ್ದು ಉಸಿರು ತೆಗೆದುಕೊಳ್ಳಿ. ಪಕ್ಕದವರು ಅದೇ ಜಾಗದಲ್ಲಿ ತೆಗೆದುಕೊಳ್ಳದಿದ್ದರೆ ಸಾಕು. ಒಬ್ಬರೇ ಹಾಡುವವರಿಗೆ ಈ ಸೌಕರ್ಯ ಇಲ್ಲ ನೋಡಿ.

ನಿಜ ಹೇಳಬೇಕೆಂದರೆ, ನಮ್ಮಂಥ ತಂಡಗಳಲ್ಲಿ ಹಾಡು ಕೆಡಿಸುವವರು ಹೊಸಬರಲ್ಲ. ಹತ್ತು ವರ್ಷ ಸಂಗೀತ ಕಲಿತು, ಗಮಕ, ಸಂಗತಿ ಅಂತ ಸ್ವರಕ್ಕೆ ಬಳುಕು, ಅಲಂಕಾರ ಸೇರಿಸದೆ ಒಂದು ಸಾಲೂ ಹಾಡಲಾಗದವರು! ಅವರನ್ನು ಒಂದೇ ಎಳೆಗೆ ತರುವಷ್ಟರಲ್ಲಿ ನನ್ನ ಕೂದಲು ಬೆಳ್ಳಗಾಯಿತು.

ತಂಡದಲ್ಲಿ ಅಪ್ಪಂದಿರೂ ಇದ್ದರೆ ಮೊದಲ ದಿನವೇ ಶ್ರುತಿ ಎಷ್ಟು ಅಂತ ಕೇಳಿ. ಗಂಡಸರಿಗೆ ಒಂದರಿಂದ ಎರಡು ಮನೆ ಆರಾಮ, ಹೆಂಗಸರಿಗೆ ಐದು. ಮಧ್ಯದಲ್ಲಿ ಇಟ್ಟರೆ ಇಬ್ಬರಿಗೂ ಕಷ್ಟ. ಒಬ್ಬ ಮುಖ್ಯ ಗಾಯಕಿಗೆ ಹೊಂದುವ ಹಾಗೆ ಇಟ್ಟರೆ ಉಳಿದವರೆಲ್ಲ ನರಳಬೇಕು. ಐದಾರು ಸ್ವರದೊಳಗೆ ಓಡಾಡುವ ಹಾಡು ಆರಿಸಿಕೊಂಡರೆ ಈ ಜಗಳ ಬಹುಮಟ್ಟಿಗೆ ಮುಗಿಯುತ್ತದೆ. ಜನಪದ ಹಾಡುಗಳು ಹೆಚ್ಚಾಗಿ ಹಾಗೇ ಇರುತ್ತವೆ. ಬೀಸುವಾಗ, ಕುಟ್ಟುವಾಗ, ಸೋಬಾನೆಗೆ ಕುಳಿತಾಗ ಯಾರೂ ಯಾರ ಕಂಠವನ್ನೂ ಪರೀಕ್ಷೆ ಮಾಡುತ್ತಿರಲಿಲ್ಲ. ಒಬ್ಬಳು ಎತ್ತಿಕೊಡುತ್ತಿದ್ದಳು, ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಹಾಡು ಅದಕ್ಕೆ ತಕ್ಕ ಹಾಗೆ ಕಟ್ಟಿಕೊಂಡಿತು.

ನಿಮ್ಮ ಧಾರವಾಡದ ಮಾತಿನ ವಿಷಯಕ್ಕೂ ಇದೇ ದಾರಿ. ಭಾವಗೀತೆ ಹಾಡುವಾಗ ಎಲ್ಲರೂ ಬರೆದ ಪದವನ್ನೇ ಹಾಡುತ್ತಾರೆ, ಅಲ್ಲಿ ಮನೆ ‘ಮನಿ’ ಆಗುವುದಿಲ್ಲ. ಹಾಗಾಗಿ ಯಾರ ಊರೂ ಕೇಳಿಸುವುದಿಲ್ಲ. ಆದರೆ ಉತ್ತರ ಕರ್ನಾಟಕದ ಒಂದು ಜನಪದ ಹಾಡು ತೆಗೆದುಕೊಂಡ ದಿನ ನೋಡಿ, ಬೆಂಗಳೂರು ಮೈಸೂರಿನವರು ಅದನ್ನು ಇಸ್ತ್ರಿ ಮಾಡಿ ಹಾಡುತ್ತಾರೆ. ಕೇಳೋಕಾಗಲ್ಲ. ನಮ್ಮ ತಂಡಕ್ಕೆ ಬಾಗಲಕೋಟೆ ಕಡೆಯ ಒಬ್ಬ ತಾಯಿ ಬಂದಿದ್ದರು. ಎರಡು ತಿಂಗಳು ಹಿಂದಿನ ಸಾಲಿನಲ್ಲಿ ತುಟಿ ಬಿಚ್ಚಲಿಲ್ಲ. ಒಂದು ದಿನ ನಾನು ಹೇಳಿಕೊಡುತ್ತಿದ್ದ ಸಾಲಿಗೆ ಮೆಲ್ಲಗೆ ‘ಹಂಗಲ್ರೀ ಅದು’ ಅಂದರು. ಅವತ್ತು ಆ ಹಾಡು ಕಲಿಸಿದ್ದು ಅವರೇ, ನಾನು ಹಾರ್ಮೋನಿಯಂ ಹಿಡಿದೆ. ಆ ಶನಿವಾರ ಕಾಫಿಯ ಹೊತ್ತಿಗೆ ಅವರ ಸುತ್ತ ಐದು ಜನ ಇದ್ದರು.

ಈಗ ಜನರ ವಿಷಯಕ್ಕೆ ಬರುತ್ತೇನೆ. ಜೊತೆಗೆ ಹಾಡಿದರೆ ಸ್ನೇಹ ತಾನಾಗೇ ಹುಟ್ಟುತ್ತದೆ ಅನ್ನುವ ಮಾತು ಈಚೆಗೆ ಜಾಸ್ತಿ ಕೇಳುತ್ತದೆ. ಅರ್ಧ ನಿಜ. 2015ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಇಂಗ್ಲೆಂಡಿನಲ್ಲಿ ದೊಡ್ಡವರು ಹೋಗುವ ಸಂಜೆ ತರಗತಿಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರು ಹಾಡಿನ ಕ್ಲಾಸಿಗೆ, ಕೆಲವರು ಕೈಕುಶಲ ಕಲೆಗೆ, ಕೆಲವರು ಬರವಣಿಗೆಗೆ. ಏಳು ತಿಂಗಳು ನೋಡಿದರು. ಶುರುವಿನಲ್ಲಿ ಹಾಡಿನ ಗುಂಪಿನವರು ಉಳಿದವರಿಗಿಂತ ಬೇಗ ಹತ್ತಿರವಾದರು. ಆದರೆ ಏಳು ತಿಂಗಳು ಮುಗಿಯುವ ಹೊತ್ತಿಗೆ ಮೂರೂ ಗುಂಪು ಒಂದೇ ಮಟ್ಟಕ್ಕೆ ಬಂದಿದ್ದವು. ಅಂದರೆ ಹಾಡು ಮಾಡುವುದು ಮೊದಲ ಮುಜುಗರ ಒಡೆಯುವ ಕೆಲಸ. ಪರಿಚಯ ಇಲ್ಲದವರ ಜೊತೆ ನಿಂತು ಒಂದೇ ಕಡೆ ಉಸಿರು ತೆಗೆದು ಒಂದೇ ಪದ ಹೇಳುತ್ತೀರಿ. ಮಾತು ಹುಡುಕುವ ಕಷ್ಟ ಇಲ್ಲ. ಸ್ವೀಡನ್ನಿನಲ್ಲಿ 2013ರಲ್ಲಿ ಮಾಡಿದ ಒಂದು ಸಣ್ಣ ಅಧ್ಯಯನದಲ್ಲಿ, ಒಟ್ಟಿಗೆ ಹಾಡುವವರ ಎದೆಬಡಿತ ಕೂಡ ಜೊತೆಜೊತೆಯಾಗಿ ಏರಿ ಇಳಿಯುವುದು ಕಂಡಿತು. ಉಸಿರು ಒಂದಾದರೆ ಎದೆಬಡಿತ ಅದರ ಹಿಂದೆ ಹೋಗುತ್ತದೆ. ಅದರಾಚೆಗೆ ಸ್ನೇಹ ಆಗುವುದು ವಾರವಾರ ಮುಖ ನೋಡುವುದರಿಂದ.

ನಾನು ಕಂಡ ಹಾಗೆ, ಪೋಷಕರ ತಂಡದಲ್ಲಿ ಸ್ನೇಹ ಬೆಳೆಯುವುದು ಅಭ್ಯಾಸದ ನಂತರದ ಇಪ್ಪತ್ತು ನಿಮಿಷದಲ್ಲಿ. ಯಾರೋ ಫ್ಲಾಸ್ಕಿನಲ್ಲಿ ಕಾಫಿ ತಂದಿರುತ್ತಾರೆ. ಯಾರದೋ ಮಗು ಅಳುತ್ತಿರುತ್ತದೆ, ಇನ್ಯಾರೋ ಎತ್ತಿಕೊಳ್ಳುತ್ತಾರೆ. ‘ನನಗೆ ಆ ಎರಡನೇ ಚರಣ ಬರಲೇ ಇಲ್ಲ ಕಣ್ರೀ’ ಅಂತ ಒಬ್ಬರು ಹೇಳಿದಾಗ ಇನ್ನೊಬ್ಬರು ‘ನನಗೂ’ ಅನ್ನುತ್ತಾರೆ. ಅಲ್ಲಿಂದ ಮಾತು ಹೋಂವರ್ಕ್ ದಾಟುತ್ತದೆ. ಹಾಡು ಮುಗಿದ ತಕ್ಷಣ ಸ್ಕೂಟರ್ ಹತ್ತುವವರು ವರ್ಷವಾದರೂ ಅಪರಿಚಿತರಾಗಿಯೇ ಉಳಿದಿದ್ದನ್ನೂ ನೋಡಿದ್ದೇನೆ.

ಹಾಗಾಗಿ ಸೇರುವ ಮುಂಚೆ ತಂಡ ಎಷ್ಟು ಚೆನ್ನಾಗಿ ಹಾಡುತ್ತದೆ ಅಂತ ನೋಡಬೇಡಿ. ಕಂಠ ಪರೀಕ್ಷೆ ಇಡುತ್ತಾರಾ? ಇಟ್ಟರೆ ಸದ್ಯಕ್ಕೆ ಆ ತಂಡ ನಿಮಗೆ ಬೇಡ. ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಇಲ್ಲದಿದ್ದರೆ ಮೂರನೇ ವಾರಕ್ಕೆ ನಿಮ್ಮ ಹಾಜರಿ ನಿಲ್ಲುತ್ತದೆ. ರಾಜ್ಯೋತ್ಸವ ಮುಗಿದ ಮೇಲೂ ಶನಿವಾರದ ಅಭ್ಯಾಸ ಇರುತ್ತದಾ? ಇದನ್ನು ತಪ್ಪದೆ ಕೇಳಿ. ಕಾರ್ಯಕ್ರಮಕ್ಕಾಗಿಯೇ ಕಟ್ಟಿದ ತಂಡ ಡಿಸೆಂಬರಿಗೆ ಬರೀ ವಾಟ್ಸಾಪ್ ಗ್ರೂಪ್ ಆಗಿ ಉಳಿಯುತ್ತದೆ. ಹಬ್ಬಕ್ಕೆ ಶುಭಾಶಯದ ಚಿತ್ರ ಬರುತ್ತದೆ, ಅಷ್ಟೇ.

ಸೇರಿದರೆ ಆಗಬಹುದಾದ ಕಿರಿಕಿರಿಯನ್ನೂ ಹೇಳಿಬಿಡುತ್ತೇನೆ. ಮೈಕ್ ಹಿಡಿದವರು ಬಿಡುವುದಿಲ್ಲ. ಸೀರೆ ಯಾವ ಬಣ್ಣ ಅನ್ನುವುದಕ್ಕೆ ಎರಡು ವಾರ ಹೋಗುತ್ತದೆ. ಕನ್ನಡ ಹಾಡಾ, ಹಿಂದಿ ಹಾಡಾ ಅಂತ ಮುಖ ದಪ್ಪ ಮಾಡಿಕೊಳ್ಳುತ್ತಾರೆ. ಯಾರ ಮಗುವಿಗೆ ಟೀಚರ್ ಎಷ್ಟು ಅಂಕ ಕೊಟ್ಟರು ಅನ್ನುವ ಗೇಟಿನ ರಾಜಕೀಯ ಒಳಗೂ ಬರಬಹುದು. ಮೊದಲ ಎರಡು ಮೂರು ವಾರ ನಿಮಗೆ ಇನ್ನೂ ಒಂಟಿ ಅನ್ನಿಸಲೂಬಹುದು, ಏಕೆಂದರೆ ಉಳಿದವರಿಗೆ ಪರಿಚಯ ಇರುತ್ತದೆ. ಆ ಹೊತ್ತಿನಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಆರು ಶನಿವಾರ ಅಂತ ಲೆಕ್ಕ ಇಟ್ಟುಕೊಳ್ಳಿ. ಅದಕ್ಕೆ ಮುಂಚೆ ತೀರ್ಮಾನ ಮಾಡಬೇಡಿ. ಆರಾದ ಮೇಲೂ ಮನಸ್ಸು ಹಿಡಿಯದಿದ್ದರೆ ನಾಚಿಕೆ ಇಲ್ಲದೆ ಬಿಡಿ.

ಮೊದಲು ಮೇಷ್ಟ್ರ ಹತ್ತಿರ ಕಲಿತು, ತಯಾರಾದ ಮೇಲೆ ತಂಡ ಸೇರಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಮೇಷ್ಟ್ರಾಗಿ ನನಗೆ ಅದರಿಂದ ಫೀಸು ಬರುತ್ತದೆ. ಆದರೂ ಬೇಡ ಅನ್ನುತ್ತೇನೆ. ‘ತಯಾರಾದ ಮೇಲೆ’ ಅನ್ನುವ ದಿನ ಬರುವುದೇ ಇಲ್ಲ. ಕ್ಲಾಸಿನಲ್ಲಿ ಸಂಗೀತದ ಜೂನಿಯರ್ ಪರೀಕ್ಷೆಗೆ ಓದುವ ಹತ್ತು ವರ್ಷದ ಮಕ್ಕಳ ಜೊತೆ ಕೂತು ನಿಮ್ಮ ಒಂಟಿತನ ಕಡಿಮೆ ಆಗುವುದೂ ಇಲ್ಲ. ತಂಡದ ಜೊತೆಜೊತೆಗೆ ಕ್ಲಾಸಿಗೆ ಹೋದರೆ ಸಂತೋಷ.

ಮನೆ ಹತ್ತಿರದ ಭಜನಾ ಮಂಡಳಿ ಇನ್ನೂ ಸುಲಭದ ದಾರಿ. ಒಬ್ಬರು ಹೇಳಿಕೊಡುತ್ತಾರೆ, ಎಲ್ಲರೂ ತಿರುಗಿ ಹೇಳುತ್ತಾರೆ, ತಾಳ ಕೈಯಲ್ಲಿರುತ್ತದೆ, ವೇದಿಕೆಯ ಚಿಂತೆ ಇಲ್ಲ. ನಿಮ್ಮ ಮನಸ್ಸು, ನಂಬಿಕೆಗೆ ಹೊಂದಬೇಕು, ಅಷ್ಟೇ. ಅಲ್ಲಿ ನಿಮ್ಮ ವಯಸ್ಸಿನವರು ಕಡಿಮೆ ಸಿಗಬಹುದು. ಆದರೆ ಅರವತ್ತೈದರ ಒಬ್ಬ ಅಜ್ಜಿ ಗುರುತಾದರೆ, ಮಗನಿಗೆ ಜ್ವರ ಬಂದ ದಿನ ಅವರೇ ಮೊದಲು ಬಾಗಿಲು ತಟ್ಟುವವರು. ಕರೋಕೆ ಆ್ಯಪ್ ಬಗ್ಗೆ ಎರಡೇ ಮಾತು. ಅದರ ಎಕೋ ತಪ್ಪನ್ನೆಲ್ಲ ಮುಚ್ಚುತ್ತದೆ, ಮತ್ತು ಅಲ್ಲಿ ಕಾಫಿ ಕೊಡುವುದಿಲ್ಲ.

‘ಸುಮ್ನೆ ಅಳು ಬರುತ್ತದೆ’ ಎಂದು ಬರೆದಿದ್ದೀರಿ. ಅದನ್ನು ನಾನು ಓದಿ ದಾಟಿಬಿಡಲಾರೆ. ಹೆರಿಗೆಯ ನಂತರ ಮನಸ್ಸು ಕುಗ್ಗಿದ 134 ತಾಯಂದಿರ ಮೇಲೆ ಇಂಗ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಾಡಿನ ಗುಂಪಿಗೆ ಹೋದವರು ಬೇಗ ಚೇತರಿಸಿಕೊಂಡಿದ್ದು ನಿಜ. ಆದರೆ ಆ ತಾಯಂದಿರ ತೊಂದರೆ ಏನು ಅಂತ ಗುರುತಿಸಿದವರು ಇದ್ದರು. ನಿಮಗೆ ಎರಡು ವಾರಕ್ಕಿಂತ ಹೆಚ್ಚು ಕಾಲ ದಿನಾ ಹೀಗೆ ಆಗುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ, ಹಾಡಿನ ಮೇಷ್ಟ್ರು ಸಾಲದು. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಹಾಡಿನ ತಂಡವೂ ಇರಲಿ, ಇದೂ ಇರಲಿ.

ಮೊದಲ ಶನಿವಾರ ಹತ್ತು ನಿಮಿಷ ಮುಂಚೆ ಹೋಗಿ. ಕುರ್ಚಿ ಜೋಡಿಸುತ್ತಿದ್ದರೆ ನೀವೂ ಎರಡು ಎಳೆಯಿರಿ. ಖಾಲಿ ಕೈಯಲ್ಲಿ ನಿಂತವರಿಗೆ ಮಾತು ಹೊಳೆಯುವುದಿಲ್ಲ. ನಿಲ್ಲುವುದು ಕೊನೆಯ ತುದಿಯಲ್ಲಿ ಬೇಡ, ಇಬ್ಬರು ಗಟ್ಟಿ ದನಿಯವರ ಮಧ್ಯೆ ನಿಲ್ಲಿ. ‘ನಾನು ಹೊಸಬಳು, ತಪ್ಪಿದರೆ ಹೇಳಿ’ ಅಂತ ಅವರಿಗೆ ಮೊದಲೇ ಹೇಳಿಬಿಡಿ.

ಇನ್ನು ಮಗಳು. ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಅಮ್ಮ ಶಾಲೆಗೆ ಬಂದು ಜೋರಾಗಿ ನಕ್ಕರೂ ಮುಜುಗರ. ಅದಕ್ಕೂ ನಿಮ್ಮ ಕಂಠಕ್ಕೂ ಸಂಬಂಧ ಇಲ್ಲ. ಅವಳನ್ನು ಒಪ್ಪಿಸಲು ಹೋಗಬೇಡಿ, ಅವಳ ಹತ್ತಿರ ಪಾಠ ಹೇಳಿಸಿಕೊಳ್ಳಿ. ರಾಜ್ಯೋತ್ಸವಕ್ಕೆ ನಾಡಗೀತೆ ಇದ್ದೇ ಇರುತ್ತದೆ. ಅದಕ್ಕೆ ಒಂದಕ್ಕಿಂತ ಹೆಚ್ಚು ಧಾಟಿ ಓಡಾಡುತ್ತಿತ್ತು. 2022ರಲ್ಲಿ ಸರ್ಕಾರ ಒಂದೇ ಧಾಟಿ, ಎರಡೂವರೆ ನಿಮಿಷ ಎಂದು ನಿಗದಿ ಮಾಡಿತು. ಪೋಷಕರ ತಂಡಗಳಲ್ಲಿ ಇವತ್ತಿಗೂ ಅರ್ಧ ಜನ ತಾವು ಶಾಲೆಯಲ್ಲಿ ಕಲಿತ ಹಳೇ ಧಾಟಿಗೆ ಜಾರುತ್ತಾರೆ. ಈಗ ಶಾಲೆಯಲ್ಲಿರುವ ಮಕ್ಕಳು ಕಲಿತಿರುವುದು ಹೊಸ ಕಟ್ಟುಪಾಡಿನದು. ರಾತ್ರಿ ಊಟ ಆದ ಮೇಲೆ ಅವಳನ್ನು ಕೂರಿಸಿಕೊಂಡು ‘ನನಗ ಕಲಿಸು’ ಅನ್ನಿ. ಅವಳು ತಪ್ಪು ತಿದ್ದುತ್ತಾಳೆ, ಬೈಯುತ್ತಾಳೆ, ಇನ್ನೊಂದು ಸಲ ಅನ್ನುತ್ತಾಳೆ. ನಡುವೆ ಎಲ್‌ಕೆಜಿಯವನೂ ಬಂದು ಸೇರಿಕೊಳ್ಳುತ್ತಾನೆ. ಅಲ್ಲಿಗೆ ಮೂರು ಜನ ಆದಿರಿ. ಶ್ರುತಿ ಮಾತ್ರ ಅವಳಿಗೆ ಹೊಂದುವ ಹಾಗೆ ಇಡಬೇಡಿ, ನಿಮ್ಮ ಗಂಟಲಿಗೆ ಅದು ಎತ್ತರ ಆಗುತ್ತದೆ.